ಮೂರನೆಯ ಚರಣ

ಅಲಪೂಲ್, ಗುರುವಾರ

ಅಪ್ಪಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನೀನು ಬಿಟ್ಟುಹೋದ ಕೋಟನ್ನೂ ಇದರ ಜೊತೆ ಕಳಿಸಿದ್ದೇನೆ.

ಹೋದ ಶನಿವಾರ ರಾತ್ರಿ ಪಬ್ಬಿನ ಹಿಂದಿನ ಕೋಣೆ, ನಲವತ್ತು ಕುರ್ಚಿ, ಗ್ಲಾಸ್ಗೋದಿಂದ ಬಂದ ಹುಡುಗ ಹುಡುಗಿಯರ ಹಾಡಿನ ತಂಡ. ಸುಮ್ಮನೆ ಕೂತು ಕೇಳು ಅಂತ ಎಷ್ಟು ಸಲ ಹೇಳಿದ್ದೆ! ಬ್ಯಾಂಜೊ ವಾದ್ಯಕ್ಕೆ ಕರೆಂಟಿನ ವೈರು ಯಾಕೆ ಅಂತ ಗೊಣಗಿದೆ, ಸಹಿಸಿಕೊಂಡೆ. ಅಮ್ಮ ಹಾಡುತ್ತಿದ್ದ ಆ ಮೀನು ಹೆಚ್ಚುವ ಹೆಂಗಸರ ಹಾಡನ್ನು ಅವರು ಎತ್ತಿಕೊಂಡರೋ ಇಲ್ಲವೋ, ಎದ್ದು ನಿಂತು, "ತಪ್ಪು! ಆ ಸಾಲು ಹಾಗಲ್ಲ!" ಅಂತ ಕೂಗಿದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಹಾಡುತ್ತಿದ್ದ ಕರ್ಸ್ಟಿ ನಕ್ಕು, "ಹಾಗಾದ್ರೆ ನೀವೇ ಬಂದು ಹಾಡಿ, ಅಜ್ಜಾ" ಅಂದಳು. ನೀನು ಹೋಗಿಯೂ ಬಿಟ್ಟೆ!

ಅಮ್ಮ ತೀರಿಕೊಂಡ ಮೇಲಿನ ಈ ಮೂರು ವರ್ಷದಲ್ಲಿ ಮನೆಯಲ್ಲಿ ಅವಳ ಹೆಸರೆತ್ತಿದವನಲ್ಲ ನೀನು. ಗುರುತಿಲ್ಲದವರ ಮುಂದೆ ಎರಡು ಚರಣ ಹಾಡಿದೆ. ಒಬ್ಬರೂ ಗ್ಲಾಸು ಅಲುಗಿಸಲಿಲ್ಲ. ಮೂರನೆಯದಕ್ಕೆ ಬಾಯಿ ತೆರೆದವನು ಹಿಂದಿನ ಬಾಗಿಲಿಂದ ನಡೆದೇಬಿಟ್ಟೆ.

ಈಗ ಕರ್ಸ್ಟಿ ದಿನಾ ಫೋನ್ ಮಾಡಿ ನನ್ನನ್ನು ಉಳಿದ ಚರಣ ಕೇಳುತ್ತಾಳೆ. ಗೊತ್ತಿಲ್ಲ ಅನ್ನಲು ನಾಚಿಕೆ. ಅಮ್ಮ ಹಾಡುವಾಗಲೆಲ್ಲ ನಾನು ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ.

ಕರ್ಸ್ಟಿಗೆ ಕೊಡಬೇಡ, ಬಿಡು. ಭಾನುವಾರ ಬರುತ್ತೇನೆ, ಬಾಗಿಲು ತೆಗೆ. ನನಗಾದರೂ ಹೇಳಿಕೊಡು.

ನಿನ್ನ ಮಗಳು,
ಇಶ್ಬೆಲ್