ಬೆಂಕಿ ರೋಗ ತಂದವರೂ ಕಟಕಟೆಗೆ ಬರಲಿ

ಕೃಷಿ ಸಂಶೋಧನೆಯ ದೊಡ್ಡ ಅಧಿಕಾರಿಗಳೇ,

ನಮ್ಮ ಲಗ್ಗೆರೆಯ ರಾಗಿಗೆ ಬೆಂಕಿ ರೋಗ ತಂದು ಹಚ್ಚಿದವರು ನೀವು. ಜೈಲಿನಲ್ಲಿರುವವನು ನನ್ನ ತಮ್ಮ ಮುನಿಯಣ್ಣ. ಇದು ಯಾವ ಊರಿನ ನ್ಯಾಯ? ನಿಮ್ಮ ಕಚೇರಿಗೆ ಬಂದರೆ ಜವಾನ ಒಳಗೆ ಬಿಡಲಿಲ್ಲ, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಪ್ಪು ಬರೆದರೆ ಅದಕ್ಕೂ ಕೇಸು ಹಾಕುವಿರೋ ಏನೋ ಎಂಬ ಭಯ ಬೇರೆ.

ಮುಂಗಾರಿಗೆ ನಿಮ್ಮವರು ಬಂದು, "ಹೊಸ ತಳಿ ಬೆಳೀತೀವಮ್ಮ, ಹೊಲದಲ್ಲಿ ಒಂದು ಮೂಲೆ ಬಿಡಿ" ಎಂದರು. ಬಿಟ್ಟೆವು. ಇಂಗ್ಲಿಷಿನಲ್ಲಿ ಬರೆದ ಬೋರ್ಡು ನೆಟ್ಟರು. ಅದನ್ನು ಓದಿದ್ದು ಕಾಗೆಗಳು ಮಾತ್ರ. ತೆನೆ ಹೊರಡುವ ಹೊತ್ತಿಗೆ ನಿಮ್ಮ ಕೆಲಸಗಾರ ನಲ್ಲಪ್ಪ ರೋಗ ಬಡಿದ ಕರಿಕಲು ತೆನೆಗಳನ್ನು ಮೂಟೆಯಲ್ಲಿ ತಂದು, ನೆನೆಸಿ ಕಿವುಚಿ, ಆ ನೀರನ್ನು ಪಂಪಿಗೆ ತುಂಬಿ ಪೈರಿನ ಮೇಲೆ ಹೊಡೆದ. ಕೆಲವೇ ದಿನಗಳಲ್ಲಿ ತೆನೆಗಳು ಕುತ್ತಿಗೆ ಕಪ್ಪಾಗಿ ಮುರಿದು ನೇತಾಡಿದವು. ಬದುವಿನಾಚೆ ಮಾರಕ್ಕನ ರಾಗಿಗೂ ಹತ್ತಿತು.

ನಲ್ಲಪ್ಪ ಮತ್ತೆ ಪಂಪು ಹೊತ್ತು ಬಂದಾಗ ಮಾರಕ್ಕ ಬದುವಿನ ಮೇಲೆ ನಿಂತು ಕೂಗಿದಳು: "ಬರ್ರೋ! ಈ ನನ್ಮಗ ನಮ್ ಅನ್ನಕ್ಕೆ ರೋಗ ಉಯ್ತಾವ್ನೆ!" ಪೀಣ್ಯದಲ್ಲಿ ಷಿಫ್ಟು ಮುಗಿಸಿ ಬರುತ್ತಿದ್ದ ನನ್ನ ತಮ್ಮ ಗುದ್ದಲಿಯ ಕಾವು ಹಿಡಿದು ಓಡಿದ.

"ಯಾವನ್ಲಾ ಕಳ್ಸಿದ್ದು ನಿನ್ನ?"

"ಸಾಯೇಬ್ರು ಕಣಣ್ಣ, ಪರೀಕ್ಷೆಗೆ..." ಎನ್ನುವಷ್ಟರಲ್ಲಿ ಕಾವು ಬಿತ್ತು. ನಲ್ಲಪ್ಪನ ಮೊಣಕೈ ಮುರಿದ ಸದ್ದು ಬಾವಿಕಟ್ಟೆಯಲ್ಲಿದ್ದ ನನಗೂ ಕೇಳಿತು. ಆಮೇಲೆ ಊರವರ ಕಲ್ಲು, ಚಪ್ಪಲಿ, ಒದೆ. ತಲೆ ಒಡೆದು ರಕ್ತ ರಾಗಿಸಾಲಿನಲ್ಲಿ ಹರಿಯಿತು. "ಸತ್ತೋಯ್ತಾನೆ, ಬಿಡ್ರೋ!" ಎಂದು ನಾನು ಅವನ ಮೇಲೆ ಬಿದ್ದೆ, ನನ್ನ ಬೆನ್ನಿಗೂ ಏಟು. ಪೊಲೀಸರು ಬಂದವರೇ ಮುನಿಯಣ್ಣನ ಕೂದಲು ಹಿಡಿದು ಎಳೆದು, ಬಾಯಲ್ಲಿ ರಕ್ತ ಬರುವ ಹಾಗೆ ಬೂಟುಗಾಲಲ್ಲಿ ತುಳಿದರು. ಕೊಲೆ ಯತ್ನವಂತೆ.

ಆಸ್ಪತ್ರೆಗೆ ಗಂಜಿ ಒಯ್ದಾಗ ನಲ್ಲಪ್ಪನೇ ಹೇಳಿದ: "ರೋಗ ತಡ್ಕೊಳ್ಳೋ ಗುಣ ಬೀಜದ ವಂಶದಾಗೇ ಇರ್ತದಂತೆ ಅಕ್ಕ. ರೋಗ ಉಯ್ದ್ರೂ ಯಾವ ಸಾಲು ನಿಲ್ತದೋ ಅದ್ರ ಬೀಜ ಇಟ್ಕತಾರೆ. ನಿಮ್ಗೆ ಯೋಳ್ಬೇಡ ಅಂದ್ರು. ಯೋಳಿದ್ರೆ ಹೊಲ ಕೊಡಾಕಿಲ್ಲ ಅಂತ."

ಸ್ವಾಮಿ, ಇಲಿಪಾಷಾಣದ ಡಬ್ಬದ ಮೇಲೂ ಬುರುಡೆಯ ಚಿತ್ರವಿರುತ್ತದೆ. ನಿಮ್ಮ ರೋಗಕ್ಕೆ ಅದೂ ಬೇಡವಾಯಿತೆ? ಗೋಧಿಗೆ ತುಕ್ಕು ರೋಗ ಹತ್ತದ ತಳಿಯೂ ಹೀಗೇ ಬಂತಂತೆ. ನಿಮ್ಮ ಕೆಲಸ ಒಳ್ಳೆಯದೇ ಇರಬಹುದು. ಆದರೆ ಕಚೇರಿಯ ಅಂಗಳ ಸಾಲದೆ ನಮ್ಮ ಊಟದ ರಾಗಿಯೇ ಬೇಕಿತ್ತೆ? ಜೀಪಿನಲ್ಲಿ ಓಡಾಡುವ ತಮಗೆ ಪಂಪು ಭಾರವಾಗಿ, ಏಟು ತಿನ್ನಲು ನಲ್ಲಪ್ಪನ ಬೆನ್ನು ಬೇಕಾಯಿತೆ? ನನ್ನ ತಮ್ಮ ಹೊಡೆದದ್ದು ತಪ್ಪು. ಅದಕ್ಕೆ ಶಿಕ್ಷೆಯಾಗಲಿ. ಆದರೆ ಸರ್ಕಾರದ ಬೆಳೆ ಹಾಳುಮಾಡಲು ಸಂಚು ಮಾಡಿದನೆಂದು ನೀವು ಪೊಲೀಸರಿಗೆ ಹೇಳಿದಿರಲ್ಲ, ಆ ಸುಳ್ಳಿಗೂ ಅವನೇ ಒಳಗೆ ಕೊಳೆಯಬೇಕೆ?

ರಕ್ತ ಬಿದ್ದ ಜಾಗದಲ್ಲೇ ಒಂದು ಸಾಲು ರಾಗಿ ರೋಗ ಹತ್ತದೆ, ಕಾಳು ಕಟ್ಟಿ ನಿಂತಿದೆ. ನೀವು ಹುಡುಕುತ್ತಿದ್ದದ್ದು ಅದೇ ಇರಬೇಕು. ದನ ನುಗ್ಗೀತೆಂದು ಮುಳ್ಳು ಹಾಕಿ ನಾನೇ ಕಾಯುತ್ತಿದ್ದೇನೆ. ಆ ಬೀಜ ಬೇಕಾದರೆ ಮೊದಲು ಕೋರ್ಟಿಗೆ ಬನ್ನಿ. ಊರಿಗೆ ತಿಳಿಸದೆ ರೋಗ ಹಾಕಿಸಿದವನು ನಾನೇ ಎಂದು ನ್ಯಾಯಾಧೀಶರ ಮುಂದೆ ಹೇಳಿ. ಬರದಿದ್ದರೆ ಆ ಸಾಲಿಗೆ ಕುಡುಗೋಲು ಹಾಕಿ, ಬೀಸಿ, ಮುದ್ದೆ ಕಟ್ಟಿ ತಿಂದುಬಿಡುತ್ತೇವೆ. ಮೊದಲ ತುತ್ತು ನಲ್ಲಪ್ಪನಿಗೆ.

ಇಂತಿ,
ಹೆದರಿ ಹೆದರಿಯೇ ಇಷ್ಟು ಬರೆದ
ಅಶ್ವತ್ಥಮ್ಮ, ಲಗ್ಗೆರೆ