ಎದೆಯೊಳಗಿನ ಕಳ್ಳದಾರಿ

ಗೋಪಾಳ, ಶಿವಮೊಗ್ಗ
ಗುರುವಾರ, ೨೦ ಫೆಬ್ರವರಿ ೨೦೨೫

ಶರು ಅಪ್ಪನಿಗೆ ಶಾಂಭವಿಯ ನಮಸ್ಕಾರ.

ಕಾಗದ ನೋಡಿ ಹೆದರಬೇಡಿ. ಶರಾವತಿ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಈ ಸಲ ಸುಳ್ಳು ಹೇಳುತ್ತಿಲ್ಲ.

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಗೇಟಿನ ಹತ್ತಿರ ನಿಂತು, "ಅಮ್ಮ ಆಸ್ಪತ್ರೆಗೆ ಹೋಗಿದ್ಲು ಅಂತ ಶರು ಹೇಳಿದ್ಲು. ಏನಂತೆ?" ಎಂದು ಕೇಳಿದಿರಿ. ನಾನು "ಏನಿಲ್ಲ" ಎಂದು ಅವಳ ಸ್ವೆಟರ್ ನಿಮ್ಮ ಕೈಗಿತ್ತು ಒಳಗೆ ಬಂದುಬಿಟ್ಟೆ. ನಾನು ಮಗಳ ಜೊತೆ ಸುಮನಕ್ಕನ ಮನೆಗೆ ಬಂದು ನೆಲೆಸಿದ ಮೇಲೆ ಆ ಗೇಟಿನ ಹತ್ತಿರ ನಾವು ಆಡುವ ಮಾತೇ ಅಷ್ಟು: ಸ್ವೆಟರ್, ಹೋಂವರ್ಕ್, ಸಂಜೆ ಎಷ್ಟು ಹೊತ್ತಿಗೆ ತಂದು ಬಿಡುತ್ತೀರಿ. ಫೋನ್ ಮಾಡಿದರೆ ನೀವು ನಡುವೆ ಏನಾದರೂ ಕೇಳುತ್ತೀರಿ, ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ಜನವರಿಯಲ್ಲಿ ನಮ್ಮ ಶಾಲೆಯ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋಗಿದ್ದೆವು. ಬೆಳಗ್ಗೆ ಆನೆಗಳು ನೀರಿಗಿಳಿದಿದ್ದವು. ಮಕ್ಕಳು ಕೂಗಾಡುತ್ತಿದ್ದರು. ಒಬ್ಬಳ ಶೂ ಲೇಸ್ ಕಟ್ಟಲೆಂದು ಬಗ್ಗಿದೆ, ಬಂತು. ಅದು ಹೇಗೆ ಬರುತ್ತದೆ ಎಂದು ನಿಮಗೆ ಎಷ್ಟು ಸಲ ಹೇಳಿದ್ದೇನೆ. ಎದೆಯೊಳಗೆ ಒಂದು ಸಲ ಧಡ್ ಎನ್ನುತ್ತದೆ, ಆಮೇಲೆ ಲೆಕ್ಕವಿಲ್ಲದ ಓಟ. ಕತ್ತಿನ ನರ ಕುಣಿಯುತ್ತದೆ, ಕಣ್ಣು ಮಂಜಾಗುತ್ತದೆ. ಹೊಳೆ ನೀರನ್ನೇ ಬೊಗಸೆ ತುಂಬಿ ಮುಖಕ್ಕೆ ಎರಚಿಕೊಂಡೆ. ಉಸಿರು ಬಿಗಿಹಿಡಿದೆ. ಯಾವಾಗಲೂ ನಿಲ್ಲುತ್ತಿದ್ದುದು ಅವತ್ತು ನಿಲ್ಲಲಿಲ್ಲ. ಪಿ.ಟಿ. ಮಾಸ್ತರು ಮಲ್ಲೇಶ್ ನೋಡಿದವರೇ ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೊರಟರು. "ಏನೂ ಇಲ್ಲ ಸರ್, ನನಗೆ ಗಾಬರಿ ಜಾಸ್ತಿ, ಇದು ಹೀಗೇ" ಎಂದು ದಾರಿಯುದ್ದಕ್ಕೂ ನಾನೇ ಅವರಿಗೆ ಹೇಳುತ್ತಿದ್ದೆ. ಅದು ನಿಮ್ಮ ಮಾತು. ಎಷ್ಟೋ ವರ್ಷ ಕೇಳಿ ಕೇಳಿ ನನ್ನದೇ ಆಗಿಹೋಗಿತ್ತು.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಮೋನಿಕಾ ಅಂತ ಒಬ್ಬರಿದ್ದರು. ಚಿಕ್ಕ ವಯಸ್ಸಿನವರು. ಇಸಿಜಿ ಪಟ್ಟಿ ಹೊರಗೆ ಬರುತ್ತಿದ್ದಂತೆ ನರ್ಸನ್ನು ಕೂಗಿ ಕರೆದರು. ನಾನು ಅದೇ ಪಾಠ ಒಪ್ಪಿಸಿದೆ, ಗಾಬರಿ ಮೇಡಂ, ಮಾತ್ರೆ ತಗೊಳ್ತೀನಿ ಅಂತ. ಅವರು ನನ್ನ ಮುಂಗೈ ಹಿಡಿದುಕೊಂಡು ಹೇಳಿದರು: "ಗಾಬರಿಗೆ ಹೊಡ್ಕೊಳ್ಳೋ ಎದೆ ನಿಧಾನಕ್ಕೆ ಏರುತ್ತೆ, ನಿಧಾನಕ್ಕೆ ಇಳಿಯುತ್ತೆ. ಹೀಗೆ ಟಪ್ ಅಂತ ಶುರುವಾಗಿ ಟಪ್ ಅಂತ ನಿಲ್ಲಲ್ಲ. ನಿಮ್ಮ ಹಾರ್ಟು ನಿಮಿಷಕ್ಕೆ ಇನ್ನೂರರ ಮೇಲೆ ಓಡ್ತಿದೆ. ಗಾಬರಿಯಿಂದ ಎದೆ ಹೊಡ್ಕೊಂಡಿದ್ದಲ್ಲಮ್ಮಾ, ಎದೆ ಹೊಡ್ಕೊಂಡಿದ್ದಕ್ಕೆ ಗಾಬರಿ ಆಗಿದ್ದು."

ನಾನು ಅತ್ತುಬಿಟ್ಟೆ. ಅವರು ನೋವಿಗೆ ಎಂದುಕೊಂಡರು. ಒಂದು ಇಂಜೆಕ್ಷನ್ ಕೊಟ್ಟರು. ಕೊಡುವ ಮುಂಚೆಯೇ, "ಒಂದೆರಡು ಕ್ಷಣ ಸತ್ತೇ ಹೋದೆ ಅನ್ನಿಸುತ್ತೆ, ಹೆದರಬೇಡಿ" ಎಂದಿದ್ದರು. ಹಾಗೇ ಅನ್ನಿಸಿತು. ಎದೆಯಲ್ಲಿ ಪೂರ್ತಿ ನಿಶ್ಶಬ್ದ. ಆಮೇಲೆ ಒಂದು ಬಡಿತ, ಸ್ವಲ್ಪ ಬಿಟ್ಟು ಇನ್ನೊಂದು. ಹಾಗೇ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತ ಮಲಗಿದ್ದೆ.

ಮರುದಿನ ಹೃದಯದ ಡಾಕ್ಟರು ಪ್ಲಾಸ್ಟಿಕ್ ಗುಂಡಿಗೆಯೊಂದನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೈಯೆಲ್ಲ ಸುತ್ತಿ ದಣಿದ ರಕ್ತ ಬಲಗಡೆಯ ಮೇಲಿನ ಕೋಣೆಗೆ ಬಂದು, ಕೆಳಗಿಳಿದು, ಶ್ವಾಸಕೋಶಕ್ಕೆ ಹೋಗಿ, ಹೊಸ ಗಾಳಿ ತುಂಬಿಕೊಂಡು ಎಡಗಡೆಗೆ ಬರುತ್ತದೆ. ಎಡಗಡೆಯ ಕೆಳಗಿನ ಕೋಣೆ ಅದನ್ನು ಮತ್ತೆ ಮೈಗೆಲ್ಲ ನೂಕುತ್ತದೆ. ನಡುನಡುವೆ ಒಂದೇ ಕಡೆಗೆ ತೆರೆಯುವ ಕವಾಟಗಳು. ಇಷ್ಟು ನಾನು ಮಕ್ಕಳಿಗೂ ಪಾಠ ಮಾಡಿದ್ದೇನೆ. ನನಗೆ ಗೊತ್ತಿರದಿದ್ದುದು ಕರೆಂಟಿನ ವಿಷಯ. ಅವರು ಹೇಳುತ್ತಿದ್ದರೆ ನನಗೆ ಭದ್ರಾವತಿ ಹಳೇನಗರದ ನಿಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಯೇ ಕಣ್ಣಿಗೆ ಕಟ್ಟಿತು. ನೀವು ಪಕ್ಕದಲ್ಲಿದ್ದಿದ್ದರೆ ನನಗಿಂತ ಬೇಗ ಅರ್ಥಮಾಡಿಕೊಳ್ಳುತ್ತಿದ್ದಿರಿ.

ಬಲಗಡೆ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಗಂಟು ಇದೆಯಂತೆ. ಒಂದೊಂದು ಬಡಿತಕ್ಕೂ ಕರೆಂಟು ಹುಟ್ಟುವುದು ಅಲ್ಲಿ. ಅದು ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಹೋಗಲು ನಡುವೆ ಇರುವುದು ಒಂದೇ ದಾರಿ. ಮೇಲಿನ ರಕ್ತ ಪೂರ್ತಿ ಕೆಳಗಿಳಿಯಲಿ ಎಂದು ಆ ದಾರಿಯಲ್ಲಿ ಕರೆಂಟು ಒಂದು ಚೂರು ತಡೆದು ಮುಂದೆ ಹೋಗುತ್ತದಂತೆ. ಉಳಿದ ಕಡೆಯೆಲ್ಲ ಕರೆಂಟು ಹಾಯದ ಪದರ. ನನಗೆ ಆ ಪದರದಲ್ಲಿ ಹುಟ್ಟಿದಾಗಿನಿಂದಲೇ ಕೂದಲಿನಂಥ ಒಂದು ಎಳೆ ಉಳಿದುಕೊಂಡಿತ್ತು. ಸರಿಯಾದ ದಾರಿಯಲ್ಲಿ ಇಳಿದ ಕರೆಂಟು ಕೆಲವು ಸಲ ಆ ಕಳ್ಳದಾರಿ ಹಿಡಿದು ಮೇಲೆ ಹತ್ತಿ, ಮತ್ತೆ ಇಳಿದು, ಮತ್ತೆ ಹತ್ತಿ, ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಸುತ್ತು ನಿಂತ ಮೇಲೆ ಇಸಿಜಿ ತೆಗೆದರೆ ಸುಳಿವೇ ಸಿಗುವುದಿಲ್ಲ. ಭದ್ರಾವತಿಯ ಆಸ್ಪತ್ರೆಯಲ್ಲಿ ನಾವು ಟೋಕನ್ ಹಿಡಿದು ಕಾಯುವಷ್ಟರಲ್ಲಿ ಅದು ನಿಂತಿರುತ್ತಿತ್ತು. "ನಾರ್ಮಲ್ ಇದೆ, ಮನಸ್ಸಿಗೆ ರೆಸ್ಟ್ ಕೊಡಿ" ಎನ್ನುತ್ತಿದ್ದರು. ಪಾಪ, ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಅಷ್ಟೇ ಇತ್ತು.

ಇನ್ನೊಂದು ವಿಷಯ. "ಮುಖಕ್ಕೆ ತಣ್ಣೀರು ಹಾಕಿದ್ರೆ ಹೋಗೋದು ಯಾವ ಹಾರ್ಟಿನ ಕಾಯಿಲೆ ಮಾರಾಯ್ತಿ?" ಎಂದು ನೀವು ಕೇಳುತ್ತಿದ್ದಿರಿ. ಅದಕ್ಕೆ ನನ್ನ ಹತ್ತಿರ ಉತ್ತರ ಈಗ ಇದೆ. ಮುಖಕ್ಕೆ ತಣ್ಣೀರು ಬಿದ್ದರೆ ಮಿದುಳಿನಿಂದ ಇಳಿದು ಬರುವ ಒಂದು ನರ ಆ ನಡುವಿನ ದಾರಿಯನ್ನು ಒಂದು ಕ್ಷಣ ತಡೆಯುತ್ತದಂತೆ. ಸುತ್ತು ಅಲ್ಲಿಗೆ ಕಡಿದುಹೋಗುತ್ತದೆ. ನಾನು ಏನೂ ತಿಳಿಯದೆ ಮಾಡುತ್ತಿದ್ದುದು ಸರಿಯಾದ ಚಿಕಿತ್ಸೆಯೇ.

ಹೋದ ವಾರ ಆ ಎಳೆಯನ್ನು ಸುಟ್ಟು ತೆಗೆದರು. ಎದೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ಸಪೂರ ತಂತಿಗಳನ್ನು ಹೃದಯದವರೆಗೆ ಕಳಿಸುತ್ತಾರೆ. ನನಗೆ ಪೂರ್ತಿ ಎಚ್ಚರವಿತ್ತು. ಕಳ್ಳದಾರಿ ಎಲ್ಲಿದೆ ಎಂದು ಹುಡುಕಲು ಅವರೇ ಬೇಕೆಂದು ಆ ಓಟವನ್ನು ಶುರುಮಾಡಿದರು. "ಇದೇನಾ ಮೇಡಂ ನಿಮಗೆ ಬರ್ತಿದ್ದಿದ್ದು?" ಎಂದರು. "ಹೌದು, ಇದೇ, ಇದೇ!" ಎಂದು ಕೂಗಿದೆ. ತೆರೆಯ ಮೇಲೆ ಗೆರೆಗಳು ಓಡುತ್ತಿದ್ದವು. ಕೋಣೆಯಲ್ಲಿದ್ದವರೆಲ್ಲ ಅದನ್ನು ನೋಡುತ್ತಿದ್ದರು. ಪಿಯುಸಿಯಿಂದ ನಾನೊಬ್ಬಳೇ ಕೇಳಿಸಿಕೊಂಡದ್ದನ್ನು ಅವತ್ತು ಅಷ್ಟು ಜನ ಕಣ್ಣಾರೆ ಕಂಡರು. ಸುಟ್ಟಾಗ ಎದೆಯೊಳಗೆ ಸ್ವಲ್ಪ ಬಿಸಿ, ಅಷ್ಟೇ. ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಓಟ ಶುರುವಾಗಲಿಲ್ಲ. "ಮುಗೀತು, ಇನ್ನು ಮಾತ್ರೆ ಬೇಡ" ಎಂದರು ಡಾಕ್ಟರು.

ಈಗ ಕಷ್ಟದ ಮಾತು.

ನಮ್ಮ ಮನೆಯಲ್ಲಿದ್ದಾಗ ಒಂದು ದಿನ ಶರುಗೆ ಎರೆಯುತ್ತಿರುವಾಗ ಅದು ಬಂದು, ನಾನು ಅವಳನ್ನು ಬಚ್ಚಲಿನ ನೆಲದ ಮೇಲೆ ಕೂರಿಸಿ ಗೋಡೆಗೊರಗಿ ಕಣ್ಣು ಮುಚ್ಚಿದ್ದೆ. ಅವಳ ಕಣ್ಣಿಗೆ ಸೋಪು ಹೋಗಿ ಅಳುತ್ತಿದ್ದಳು. ನೀವು ಬಂದು ಎತ್ತಿಕೊಂಡಿರಿ. ಮಾರನೆಯ ದಿನ ಕಾಗದನಗರದಿಂದ ಅತ್ತೆಯವರನ್ನು ಕರೆದುಕೊಂಡು ಬಂದಿರಿ. ಆಮೇಲೆ ಮಗಳ ಜೊತೆ ನನ್ನನ್ನು ಒಬ್ಬಳೇ ಬಿಡಲಿಲ್ಲ. ಸ್ನಾನಕ್ಕೆ ಅತ್ತೆ, ಸ್ಕೂಲಿಗೆ ನೀವು. ನೀವು ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ನೀವು ಮೆತ್ತಗೆ ಮಾತಾಡತೊಡಗಿದಿರಿ, ಹುಚ್ಚು ಹಿಡಿದವರ ಜೊತೆ ಮಾತಾಡುವಷ್ಟು ಮೆತ್ತಗೆ. ಅದನ್ನು ತಡೆಯಲಾರದೆ ಮಗಳನ್ನು ಕರೆದುಕೊಂಡು ಹೊರಟೆ. ಹೋಗುವಾಗಲೂ ನೀವು ಮೆತ್ತಗೇ, "ಅಲ್ಲಿಗೆ ಹೋದ್ಮೇಲೆ ಮಾತ್ರೆ ಬಿಡ್ಬೇಡ" ಎಂದಿರಿ.

ಈಗ ಯೋಚಿಸಿದರೆ, ನಿಮ್ಮ ಜಾಗದಲ್ಲಿ ನಾನಿದ್ದರೂ ಮಗಳನ್ನು ನನ್ನಂಥವಳ ಕೈಗೆ ಬಿಡುತ್ತಿರಲಿಲ್ಲವೇನೋ. ಹಾಗೆಂದು ನನಗಾದ ನೋವು ಸುಳ್ಳಲ್ಲ. ಎರಡೂ ನಿಜ.

ಡಿಸ್ಚಾರ್ಜಿನ ದಿನ ಡಾಕ್ಟರ್ ಮೋನಿಕಾ ನೋಡಲು ಬಂದಿದ್ದರು. "ಇಷ್ಟು ವರ್ಷ ಮನೇಲಿ ಯಾರೂ ಸರಿಯಾಗಿ ತೋರಿಸಲೇ ಇಲ್ವಾ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದರು. ನನಗೆ ಎಲ್ಲಿತ್ತೋ ಸಿಟ್ಟು, "ನಮ್ಮ ಮನೆಯವರು ಅಂಗಡಿ ಬಾಗಿಲು ಹಾಕ್ಕೊಂಡು ಊರೂರು ಸುತ್ತಿಸಿದ್ದಾರೆ ಡಾಕ್ಟ್ರೇ, ಕಾಯಿಲೆ ಸಿಗಲಿಲ್ಲ ಅಷ್ಟೇ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಸುಮನಕ್ಕ ಕಣ್ಣರಳಿಸಿ ನನ್ನನ್ನೇ ನೋಡಿದಳು. ನನಗೂ ಆಶ್ಚರ್ಯವೇ ಆಯಿತು.

ನಿನ್ನೆ ಸಂಜೆ ಶರುಗೆ ನಾನೇ ಎರೆದೆ. ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ತಲೆ ಒರೆಸುವಾಗ ಅವಳು ನನ್ನ ಎದೆಗೆ ಕಿವಿಯಿಟ್ಟು, "ಅಮ್ಮ, ಮೆಲ್ಲಗೆ ನಡೀತಿದೆ" ಎಂದಳು. ಎಷ್ಟೋ ಹೊತ್ತು ಅವಳನ್ನು ಹಾಗೇ ಹಿಡಿದುಕೊಂಡು ಕೂತಿದ್ದೆ. ಬರುವ ಸೋಮವಾರದಿಂದ ಶಾಲೆಗೆ ಹೋಗುತ್ತೇನೆ.

ಈ ಭಾನುವಾರ ಬಂದಾಗ ಹೊರಗೇ ನಿಲ್ಲಬೇಡಿ. ಒಳಗೆ ಬನ್ನಿ. ರಿಪೋರ್ಟಿನಲ್ಲಿ ಕರೆಂಟು ಓಡುವ ಚಿತ್ರಗಳಿವೆ, ನನಗೆ ಅರ್ಧ ಅರ್ಥವಾಗಿಲ್ಲ, ನೀವು ನೋಡಿ ಹೇಳಿ. ಅಕ್ಕ ಅಕ್ಕಿರೊಟ್ಟಿ ಮಾಡುತ್ತೇನೆ ಎಂದಿದ್ದಾಳೆ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ಬಚ್ಚಲಿನ ಭಾಗ ಬಿಟ್ಟು ಓದಿ, ಇಲ್ಲದಿದ್ದರೆ ಅಳುತ್ತಾರೆ.

ಇಂತಿ, ಮನಸ್ಸು ಹಗುರಾಗಿರುವ
ಶಾಂಭವಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಲಾಯರ್ ಸಂಧ್ಯಾ ಬೆಳಗ್ಗೆ ಫೋನ್ ಮಾಡಿದ್ದರು. ನಮ್ಮ ಡೈವೋರ್ಸಿನ ಅರ್ಜಿ ತಯಾರಾಗಿದೆಯಂತೆ, ಇಬ್ಬರೂ ಒಟ್ಟಿಗೆ ಬಂದು ಸಹಿ ಹಾಕಿದರೆ ಮುಗಿಯಿತಂತೆ. ಸದ್ಯಕ್ಕೆ ಬಿಡುವಿಲ್ಲ ಎಂದಿದ್ದೇನೆ. ನಿಮಗೂ ಫೋನ್ ಬರಬಹುದು. ನೀವೂ ಬಿಡುವಿಲ್ಲ ಅಂತಲೇ ಹೇಳಿ.