ಅಜ್ಜನಿಗೆ ಕಳಿಸಿದ ಕೇಕು

ಜಗಳೂರು
18-1-1981, ಭಾನುವಾರ

ಅವ್ವಾ,

ನಿನ್ನ ಮಗಳು ಹೊನ್ನೂರಮ್ಮನ ನಮಸ್ಕಾರ. ಎಲ್ಲರೂ ಕ್ಷೇಮ ಎಂಬ ಸಾಲನ್ನು ಈ ಸಲ ಬರೆಯುವುದಿಲ್ಲ.

ನಿನ್ನ ಕಾರ್ಡು ನಿನ್ನೆ ಬಂತು. ನಮ್ಮ ಬೀದಿಯ ಬೋರಣ್ಣನ ಕೈಲಿ ಹೇಳಿ ಕಳಿಸಿದರೂ ಅಜ್ಜನ ಮಣ್ಣಿಗೆ ಬರಲಿಲ್ಲ, ಹನ್ನೊಂದರ ದಿನಕ್ಕೂ ಬರಲಿಲ್ಲ, ಇನ್ನು ನನಗೆ ಮಗಳಿಲ್ಲ ಅಂದುಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಅವ್ವಾ, ಅಜ್ಜ ಹೋದದ್ದು ನನಗೆ ಗೊತ್ತಾದದ್ದೇ ಆ ಕಾರ್ಡಿನಿಂದ. ನಡೆದದ್ದನ್ನೆಲ್ಲ ಬರೆಯುತ್ತೇನೆ. ಓದಿದ ಮೇಲೂ ಸಿಟ್ಟು ಉಳಿದರೆ ಬೈ.

ಎರಡು ವರ್ಷದಿಂದ ಎಲ್ಲ ಚೆನ್ನಾಗಿದೆ ಎಂದೇ ಬರೆದೆ. ನಿನ್ನ ಅಳಿಯ ಓದಿದ ಮೇಲೆ ತಾನೇ ಆ ಕಾಗದಗಳು ಅಂಚೆ ಡಬ್ಬಿಗೆ ಬೀಳುತ್ತಿದ್ದದ್ದು! ಇಲ್ಲಿ ಯಾರೂ ಹೊಡೆಯುವುದಿಲ್ಲ, ಊಟಕ್ಕೆ ಕಮ್ಮಿ ಮಾಡುವುದಿಲ್ಲ. ಅದಕ್ಕೇ ಯಾರಿಗೆ ಏನೆಂದು ಹೇಳಲಿ? ನೀರಿಗೆ ಹೋದರೆ ಅತ್ತೆ ಉಚ್ಚಂಗಮ್ಮ ಜೊತೆಗೆ ಬರುತ್ತಾರೆ. ಅವರು ಹೊರಗೆ ಹೋದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ಹಿರಿಸೊಸೆ ಉಡಚಮ್ಮ ಹೆರಿಗೆಗೆಂದು ತೌರಿಗೆ ಹೋದವಳು ತಿರುಗಿ ಬರಲಿಲ್ಲ. ಅವಳು ಹೋದ ದಾರಿಯನ್ನು ನನಗೆ ಮುಚ್ಚಿದ್ದಾರೆ. ತೌರು ಎಂದರೆ ಸಾಕು, ಅತ್ತೆ "ಒಬ್ಬಳು ಹೋದೋಳು ಬರ್ಲಿಲ್ಲ, ಇನ್ನೊಬ್ಬಳನ್ನ ಕಳಿಸಾಕೆ ನಮಗೇನು ಹುಚ್ಚಾ?" ಅನ್ನುತ್ತಾರೆ.

ಅಜ್ಜ ಹಾಸಿಗೆ ಹಿಡಿದಿದ್ದಾರೆ, ಗಂಜಿಯೂ ಬೇಡ ಅನ್ನುತ್ತಾರೆ, ಹೊನ್ನೂರಿ ಕೈಯ ಕೇಕು ಬೇಕು ಅನ್ನುತ್ತಾರೆ ಎಂದು ನೀನು ಬರೆದ ಕಾರ್ಡು ಹೊಸ ವರ್ಷದ ದಿನ ಬಂತು. ಕಳಿಸಿ ಎಂದು ಕಾಲು ಹಿಡಿದೆ. ಇವರು ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು, "ಅವ್ವನ್ನ ಕೇಳು" ಅಂದು ಬಸ್ಸಿನ ಡ್ಯೂಟಿಗೆ ಹೋದರು. ಅತ್ತೆ ಬೇಡ ಅಂದರು. ಹಾಗಾದರೆ ಕೇಕನ್ನಾದರೂ ತಲುಪಿಸಿ ಅಂದೆ. ಅದಕ್ಕೆ ಒಪ್ಪಿದರು.

ಆ ಭಾನುವಾರ ಮಾಡಿದೆ. ಅಜ್ಜ ಸೂಳೆಕೆರೆ ಬಂಗಲೆಯಲ್ಲಿ ಅಡಿಗೆಯವರಾಗಿದ್ದಾಗ ಇಂಜಿನಿಯರುಗಳಿಗೆ ಮಾಡುತ್ತಿದ್ದರಲ್ಲ, ಅದೇ ರವೆ ಕೇಕು. ಸಾಹೇಬರಿಗೆ ಸಕ್ಕರೆ, ನಮಗೆ ಬೆಲ್ಲ. ರವೆಯನ್ನು ಹಾಲಲ್ಲಿ ನೆನೆಹಾಕಿ, ಬೆಣ್ಣೆಗೆ ಬೆಲ್ಲದ ಪುಡಿ ಹಾಕಿ ಕೈ ಸೋಲುವವರೆಗೆ ತಿಕ್ಕಿದೆ. ಅತ್ತೆ ತಾವೇ ಗೂಡಿಗೆ ಕೈ ಹಾಕಿ ಆರು ಮೊಟ್ಟೆ ತಂದುಕೊಟ್ಟರು. ದೊಡ್ಡ ಬೋಗುಣಿಗೆ ಮರಳು ಹಾಕಿ, ಅದರೊಳಗೆ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದೆ. "ಕೆಳಗೆ ಕಮ್ಮಿ, ಮ್ಯಾಲೆ ಜಾಸ್ತಿ" ಎಂದು ಅಜ್ಜ ಹೇಳುತ್ತಿದ್ದದ್ದು ಕಿವಿಯಲ್ಲೇ ಇತ್ತು. ಆದರೂ ಕೆಳಗೆ ಉರಿ ಹೆಚ್ಚಾಗಿ ಮೊದಲನೆಯದು ತಳ ಹಿಡಿಯಿತು. ಅಳು ಬಂತು. ಅತ್ತೆ ಮತ್ತೆ ರವೆ ಅಳೆದು ಕೊಟ್ಟರು. ಎರಡನೆಯದಕ್ಕೆ ತಾವೇ ಒಲೆ ಮುಂದೆ ಕೂತು ಕೆಂಡಕ್ಕೆ ಗಾಳಿ ಬೀಸಿದರು. ಪೊರಕೆ ಕಡ್ಡಿ ಚುಚ್ಚಿದರೆ ಅಂಟದೆ ಬಂತು. ಅತ್ತೆಯ ಮೇಲೆ ಅವತ್ತು ನನಗೆ ಎಷ್ಟು ಪ್ರೀತಿ ಬಂತು ಅಂತೀಯ!

ಸೋಮವಾರ ಇವರು ಕೇಕಿನ ಡಬ್ಬಿ ತೆಗೆದುಕೊಂಡು ಹೋದರು. ಮಾರನೇ ದಿನ ಬಂದು, "ಎದ್ದು ಕೂತು ಎರಡು ತುಂಡು ತಿಂದ್ರು. ಬೆಲ್ಲ ಒಂಚೂರು ಮುಂದಾಗೈತೆ ಅಂದ್ರು" ಎಂದು ಹೇಳಿದರು. ಅಜ್ಜ ಯಾವತ್ತು ತಪ್ಪು ಹುಡುಕದೆ ತಿಂದಿದ್ದಾರೆ? ಅದಕ್ಕೇ ನಂಬಿದೆ. ಹನ್ನೆರಡು ದಿನ ಹಾಡಿಕೊಂಡು ಕೆಲಸ ಮಾಡಿದೆ, ಅವ್ವಾ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ನಿನ್ನೆ ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಅಂಚೆಯವನು ಕಿಟಕಿಯಲ್ಲಿ ಕಾರ್ಡು ಕೊಟ್ಟ. ಅಜ್ಜ ಎರಡನೇ ತಾರೀಕು ಶುಕ್ರವಾರವೇ ಹೋದರು, ಬೋರಣ್ಣ ಮರುದಿನ ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ಅಳಿಯನನ್ನು ಕಂಡು ಹೇಳಿದ ಎಂದಿತ್ತು. ನಾನು ಕೇಕು ಮಾಡಿದ್ದು ಭಾನುವಾರ!

ಸಂಜೆ ಇವರು ಬಂದಾಗ ಕಾರ್ಡು ಮುಂದಿಟ್ಟೆ. "ಹೇಳಿದ್ರೆ ನೀನು ಹೋಗ್ತಿದ್ದೆ. ಹೋದ್ರೆ ಬರ್ತಿರ್ಲಿಲ್ಲ" ಅಂದರು. ಕೇಕು ಏನಾಯಿತು ಎಂದು ಕೇಳಿದೆ. ದಾವಣಗೆರೆಯಲ್ಲಿ ಡ್ರೈವರಿಗೆ ಕೊಟ್ಟರಂತೆ. "ಚೆನ್ನಾಗೈತೆ ಅಂದ" ಎಂದರು. ಹೇಳುವಾಗ ಅತ್ತರು. ಆ ಅಳು ಸುಳ್ಳಲ್ಲ ಎಂದು ನನಗೆ ಗೊತ್ತಾಯಿತು. ಆದರೂ ಕರಗಲಿಲ್ಲ.

ಅತ್ತೆಯ ಕಡೆ ತಿರುಗಿ, ನಿಮಗೂ ಗೊತ್ತಿತ್ತಾ ಎಂದೆ. "ಗೊತ್ತಿತ್ತು" ಅಂದರು. "ನನ್ನ ತೌರು ಸೊಕ್ಕೆ ಇಲ್ಲೇ ಮಗ್ಗುಲಲ್ಲೇ ಐತೆ. ನಮ್ಮಪ್ಪ ಸತ್ತಾಗ ನನ್ನ ಯಾರು ಕಳಿಸಿದ್ರು? ನಾನು ಬದುಕ್ಲಿಲ್ವಾ?" ಎನ್ನುತ್ತಾ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಒಲೆ ಮುಂದೆ ಕೂತು ಗಾಳಿ ಬೀಸಿದಾಗ ಅವರು ಯಾರನ್ನು ನೆನೆಯುತ್ತಿದ್ದರೋ.

ಅಜ್ಜ ಕೊನೆಗೆ ಏನು ಮಾತಾಡಿದರು? ನನ್ನನ್ನು ಕೇಳಿದರಾ? ಬಾಗಿಲ ಕಡೆ ನೋಡಿದರಾ? ಇವನ್ನು ಇವರ ಬಾಯಲ್ಲಿ ಕೇಳುವಂತಿಲ್ಲ. ನೀನೇ ಹೇಳಬೇಕು. ನನಗೆ ತಾಯಿಯಿಲ್ಲದ ಹಾಗೆ ಮಾತ್ರ ಮಾಡಬೇಡ. ನೀನೂ ಬಾಗಿಲು ಹಾಕಿಕೊಂಡರೆ ನಾನು ಇಲ್ಲೇ ಮುಗಿಯುತ್ತೇನೆ.

ನಿನ್ನ ಮಗಳು,
ಹೊನ್ನೂರಿ

ತಾ.ಕ.: ಸೋಮವಾರ ಮಧ್ಯಾಹ್ನ. ಈ ಕಾಗದಕ್ಕೆ ಅಂಚೆ ಚೀಟಿ ಇಲ್ಲವೆಂದು ಗಾಬರಿಯಾಗಬೇಡ. ಬೆಳಿಗ್ಗೆ ಇವರು ಡ್ಯೂಟಿಗೆ ಹೋದ ಮೇಲೆ ಸೀರೆ ಚೀಲ ಹಿಡಿದು ನಿಂತೆ. ಅತ್ತೆ ಹೊಸ್ತಿಲಿಗೆ ಅಡ್ಡಲಾಗಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. "ಅಜ್ಜನ ಮಣ್ಣು ನೋಡಾಕೆ ಹೋಗ್ತೀನಿ" ಅಂದೆ. ಅವರು ಸುಲಿಯುತ್ತಲೇ ಕಾಲು ಮಡಚಿಕೊಂಡರು. ಇವರ ಬಸ್ಸು ಬಿಟ್ಟು ಬೇರೆ ಬಸ್ಸು ಹತ್ತಿದೆ. ಈಗ ಕತ್ತಲಗೆರೆಯಲ್ಲಿ, ನಮ್ಮ ಬೀದಿ ಕೊನೆಯ ಕಟ್ಟೆ ಮೇಲೆ ಕೂತು ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ಕಾಗದವನ್ನು ಬೋರಣ್ಣನ ಕೈಲಿ ಒಳಗೆ ಕಳಿಸುತ್ತೇನೆ. ಓದಿ ಮುಗಿಸಿ ಒಂದು ಸಲ ಕೂಗು, ಅವ್ವಾ. ನೀನು ಕೂಗುವವರೆಗೂ ಇಲ್ಲೇ ಕೂತಿರುತ್ತೇನೆ.